ಬಾಗಿಲ ಬಳಿಯ ಹಳೇ ಕುರ್ಚಿಗಳು: ಒಂದು ಮಳೆಗಾಲ ಕಳೆದ ಮೇಲಿನ ರಿವ್ಯೂ

ಕೊಂಡದ್ದು ಮೂರು ಕುರ್ಚಿ. ಎರಡು ಬೀಟೆಯವು. ಬೆತ್ತದ ಸೀಟು, ನೆಟ್ಟಗಿನ ಬೆನ್ನು, ಕೈಗಳಿಲ್ಲ. ಮೂರನೆಯದು ತೇಗದ್ದು. ಅದಕ್ಕೆ ಕೈ ಉಂಟು, ಸೀಟೂ ಮರದ್ದೇ. ಯಾವುದೋ ಎಸ್ಟೇಟ್ ಆಫೀಸಿನಲ್ಲಿ ರೈಟರ್, ಅಂದರೆ ತೋಟದ ಗುಮಾಸ್ತ, ಕೂತು ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುತ್ತಿದ್ದ ಕುರ್ಚಿ ಅಂತ ಅಂಗಡಿಯವರ ಮಾತು. ಮೂರಕ್ಕೂ ಸೇರಿ 21,000 ರೂಪಾಯಿ ಕೊಟ್ಟೆ. ರಿಪೇರಿ, ಬೆತ್ತ, ಪಾಲಿಶ್, ಪಿಕಪ್ ಬಾಡಿಗೆ ಅಂತ ಇನ್ನೊಂದು 8,600 ಹೋಯಿತು. ಕೂಡ್ಲೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಚೀಟಿಗಳೆಲ್ಲ ಜೋಪಾನವಾಗಿವೆ.

ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಕುರ್ಚಿ ಬಂದ ವಾರವೇ ಫೋಟೋ ಹಾಕಿ ಐದು ಸ್ಟಾರ್ ಕೊಡುವುದು ಸುಲಭ. ಆದರೆ ನಮ್ಮಲ್ಲಿ ಮರದ ಸಾಮಾನಿನ ಯೋಗ್ಯತೆ ಗೊತ್ತಾಗುವುದು ಜುಲೈ, ಆಗಸ್ಟ್‌ನಲ್ಲಿ.

ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡಿನ ಕಡೆ. ಮಳೆ ಎಷ್ಟು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಸಿಟೌಟ್ ದಾಟಿದ ಕೂಡಲೇ ಒಂದು ಸಣ್ಣ ಹಾಲ್. ಅಗಲ ಆರಡಿ, ಉದ್ದ ಹನ್ನೊಂದು. ಅಲ್ಲಿಂದ ಒಳಗಿನ ದೊಡ್ಡ ಹಾಲ್‌ಗೆ ಬಾಗಿಲು. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಜಾಗದಲ್ಲಿ ಕೊಡೆ, ರೈನ್‌ಕೋಟು, ಗಂಬೂಟುಗಳ ರಾಜ್ಯ. ತೋಟದಿಂದ ಬಂದವರು ಅಲ್ಲೇ ಕೂತು ಬೂಟು ಕಳಚಬೇಕು. ಕಾಲಿಗೆ ಜಿಗಣೆ ಹತ್ತಿದೆಯಾ ನೋಡಿಕೊಳ್ಳಬೇಕು. ಪ್ಯಾಂಟಿನಿಂದ ನೀರು ಇಳಿಯುತ್ತಿರುತ್ತದೆ. ಇಷ್ಟು ದಿನ ಈ ಕೆಲಸಕ್ಕೆ ಎರಡು ಪ್ಲಾಸ್ಟಿಕ್ ಕುರ್ಚಿ ಇದ್ದವು. ಕೆಲಸಕ್ಕೇನೂ ಕೊರತೆ ಇರಲಿಲ್ಲ, ನೋಡುವುದಕ್ಕೆ ಮಾತ್ರ ಮದುವೆ ಹಾಲ್‌ನಿಂದ ಎತ್ತಿಕೊಂಡು ಬಂದ ಹಾಗಿತ್ತು.

ಹಳೇದೇ ಯಾಕೆ ಅಂತ ನಮ್ಮನೆಯವರು ಕೇಳಿದರು. ಬೀಟೆಯಲ್ಲಿ ಹೊಸ ಕುರ್ಚಿ ಮಾಡಿಸುವುದು ಈಗ ಸುಲಭದ ಮಾತಲ್ಲ. ನಮ್ಮದೇ ತೋಟದ ಮರವಾದರೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೊಡಲಿ ಮುಟ್ಟುವ ಹಾಗಿಲ್ಲ. 2017ರಿಂದ ಬೀಟೆಯ ಇಡೀ ಕುಲವೇ ಸೈಟ್ಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಎರಡನೇ ಪಟ್ಟಿಯಲ್ಲಿದೆ. ಬೀಟೆ ಸಾಮಾನನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆ ಇರುವವರು ಮೊದಲು ಆ ನಿಯಮ ವಿಚಾರಿಸಿಕೊಳ್ಳಿ. ಇನ್ನು ಹೊಸ ಫರ್ನಿಚರ್ ಅಂಗಡಿಗಳಲ್ಲಿ ಸಿಗುವುದು ಮರದ ಪುಡಿಯ ಹಲಗೆ. ನಮ್ಮ ಹವೆಗೆ ಅದು ಎರಡು ಮಳೆಗಾಲ ಕಂಡರೆ ಪುಣ್ಯ.

ಬಾಗಿಲ ಬಳಿ ಇಡುವ ಕುರ್ಚಿಯ ವಿಷಯದಲ್ಲಿ ಇಂಗ್ಲಿಷರು ಒಂದು ವಿಚಾರ ಸರಿಯಾಗಿ ಮಾಡಿದ್ದರು. 18ನೇ ಶತಮಾನದಲ್ಲಿ ಅಲ್ಲಿನ ದೊಡ್ಡ ಮನೆಗಳಿಗೆ ‘ಹಾಲ್ ಚೇರ್’ ಅಂತಲೇ ಒಂದು ಜಾತಿಯ ಕುರ್ಚಿ ಮಾಡುತ್ತಿದ್ದರು. ಬೆನ್ನಿನ ಮೇಲೆ ಮನೆತನದ ಲಾಂಛನ, ನೋಡಲು ಭಾರಿ ಗತ್ತು. ಸೀಟು ಮಾತ್ರ ಬರೀ ಮರ. ಮೆತ್ತೆ ಇಲ್ಲ, ಬಟ್ಟೆ ಇಲ್ಲ. ಅಲ್ಲಿ ಕೂರುತ್ತಿದ್ದವರು ಕಾಗದ ತಂದವರು, ಕೆಲಸದವರು, ಯಜಮಾನರಿಗಾಗಿ ಕಾಯುವವರು. ಒದ್ದೆ ಕೋಟಿನಲ್ಲೇ ಬಂದು ಕೂರುತ್ತಿದ್ದರು. ಬಟ್ಟೆಯ ಸೀಟಾದರೆ ಹಾಳಾಗುತ್ತದೆ, ಮರವಾದರೆ ಒರೆಸಿದರೆ ಆಯಿತು. ಆಳುಗಳು ಆರಾಮಾಗಿ ಕೂರಬಾರದು ಅನ್ನುವ ಬುದ್ಧಿಯೂ ಅದರಲ್ಲಿ ಇದ್ದೇ ಇರುತ್ತದೆ ಬಿಡಿ. ಆದರೂ ಒದ್ದೆ ಬಟ್ಟೆಗೆ ಗಟ್ಟಿ ಸೀಟು ಅನ್ನುವ ಲೆಕ್ಕ ಗಾಳಿಬೀಡಿಗೆ ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಐನ್‌ಮನೆಗಳ, ಅಂದರೆ ಕೊಡವ ಕುಲಗಳ ಮೂಲಮನೆಗಳ, ಮುಂದೆ ಕುರ್ಚಿ ಎಲ್ಲಿತ್ತು? ಕಂಬಗಳ ನಡುವೆ ಐಮರ. ದಪ್ಪ ಹಲಗೆ, ನಾಲ್ಕು ಜನ ಸಾಲಾಗಿ ಕೂರಬಹುದು. ತಲೆಮಾರುಗಳು ಕೂತು ಕೂತು ಅದಕ್ಕೆ ಬಂದ ನುಣುಪು ಯಾವ ಪಾಲಿಶ್‌ನಿಂದಲೂ ಬರುವುದಿಲ್ಲ. ಅತ್ತೆ ಈಗಲೂ ಹೇಳುತ್ತಾರೆ, “ಅಷ್ಟು ದುಡ್ಡಿಗೆ ಒಂದು ಐಮರ ಹಾಕಿಸಿದ್ದರೆ ಮುಗೀತಿತ್ತಲ್ಲ” ಅಂತ. ಆರಡಿ ಅಗಲದ ಹಾಲ್‌ನಲ್ಲಿ ಐಮರ ಹಾಕಿದರೆ ನಡೆಯುವುದು ಎಲ್ಲಿ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಅಳತೆಯ ಮಾತು ಬಂತಲ್ಲ. ಅಂಗಡಿಗೆ ಹೋಗುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ. ನಡೆಯಲು ಮೂರಡಿಯಾದರೂ ಬಿಡಬೇಕು. ಅಕ್ಕಿ ಮೂಟೆ ಹೊತ್ತವರು, ಗ್ಯಾಸ್ ಸಿಲಿಂಡರ್ ತರುವವರು ಎಲ್ಲ ಅದೇ ದಾರಿಯಲ್ಲಿ ಬರಬೇಕು. ಗೋಡೆಗೆ ತಾಗಿಸಿಟ್ಟ ಕುರ್ಚಿ ಎರಡಡಿಗಿಂತ ಮುಂದೆ ಬರಬಾರದು. ಬಾಗಿಲು ಒಳಗೆ ತೆರೆಯುವುದಾದರೆ ಅದರ ಸುತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಈ ಒಂದು ಲೆಕ್ಕದಲ್ಲೇ ಅರ್ಧ ಕುರ್ಚಿಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಮೊದಲು ಹೋದದ್ದು ಪ್ಲಾಂಟರ್ಸ್ ಚೇರ್. ಕೊಡಗಿನಲ್ಲಿ ಹಳೇ ಕುರ್ಚಿ ಅಂದರೆ ಎಲ್ಲರ ಮನಸ್ಸಿಗೆ ಬರುವುದು ಅದೇ. ಹಿಂದಕ್ಕೆ ವಾಲಿದ ಬೆತ್ತದ ಬೆನ್ನು, ಉದ್ದದ ಕೈಗಳು, ಕೈಯ ಅಡಿಯಿಂದ ಇನ್ನೊಂದು ಪಟ್ಟಿ ಹೊರಗೆ ತಿರುಗಿ ಬರುತ್ತದೆ. ಅದರ ಮೇಲೆ ಕಾಲು ಚಾಚಿ ಮಲಗುವುದು. 1854ರ ಸುಮಾರಿಗೆ ಇಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಶುರುವಾದವು. ಆಮೇಲೆ ಬಂಗಲೆ ಬಂಗಲೆಯ ವರಾಂಡದಲ್ಲೂ ಈ ಕುರ್ಚಿ ಬಂತು. ಚೆಂದದ ವಸ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದು ದಿನದ ಕೆಲಸ ಮುಗಿಸಿ ಒರಗುವವರ ಕುರ್ಚಿ. ಬೂಟು ಕಳಚಲು ಬಗ್ಗಬೇಕಾದವರಿಗೆ ಅಲ್ಲ. ಮೊಣಕಾಲು ನೋವಿನವರು ಅದರಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಮಡಿಕೇರಿಯ ಹೊಸ ಹೋಂಸ್ಟೇಗಳ ಪ್ರವೇಶದಲ್ಲಿ ಜೋಡಿ ಜೋಡಿಯಾಗಿ ಇಟ್ಟಿರುತ್ತಾರೆ. ಅದರಲ್ಲಿ ಬ್ಯಾಗ್ ಬಿಟ್ಟು ಮನುಷ್ಯರು ಕೂತದ್ದನ್ನು ನಾನು ನೋಡಿದ್ದು ಕಡಿಮೆ.

ಎರಡನೇದು ಬಾಗಿಸಿದ ಮರದ ವಿಯೆನ್ನಾ ಕುರ್ಚಿ. ಹಳೇ ಹೋಟೆಲುಗಳಲ್ಲಿ ನೋಡಿರುತ್ತೀರಿ, ದುಂಡು ಸೀಟು, ಬಳ್ಳಿಯಂತೆ ಬಾಗಿದ ಬೆನ್ನು. ಇದರ ಮೂಲ ಮಿಖಾಯೆಲ್ ಥೋನೆಟ್ ಅವರ ಕಂಪನಿಯ 14ನೇ ನಂಬರಿನ ಕುರ್ಚಿ, 1859ರದ್ದು. ಬೀಚ್ ಅನ್ನುವ ಯುರೋಪಿನ ಮರದ ಕೋಲನ್ನು ಆವಿಯಲ್ಲಿ ಬೇಯಿಸಿ ಬಾಗಿಸುತ್ತಿದ್ದರು. ಒಂದು ಕುರ್ಚಿಗೆ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿತ್ತು. ಹಡಗಿನಲ್ಲಿ ಪ್ರಪಂಚ ಸುತ್ತಿದ್ದು ಹಾಗೆ. ಹಗುರ, ಜಾಗ ಕಡಿಮೆ, ಬೆಲೆಯೂ ಪರವಾಗಿಲ್ಲ. ನನಗೆ ತುಂಬಾ ಆಸೆ ಇತ್ತು. ಆದರೆ ಬೀಚ್ ಮರಕ್ಕೆ ತೇವ ಆಗಿಬರುವುದಿಲ್ಲ, ಹುಳಕ್ಕೆ ಅದು ಹಬ್ಬದೂಟ. ನಾನು ನೋಡಿದ ಜೋಡಿಯಲ್ಲಿ ಸೀಟಿನ ಬಳೆಯ ಅಡಿ ಪೂರಾ ತೂತು ತೂತಾಗಿತ್ತು. ಬೆಂಗಳೂರಿನವರು, ಬಯಲುಸೀಮೆಯವರು ಧೈರ್ಯವಾಗಿ ಕೊಳ್ಳಬಹುದು. ಗಾಳಿಬೀಡಿಗೆ ಬೇಡ.

ಆಮೇಲೆ ಮೈಸೂರಿನ ಒಂದು ಶೋರೂಂ. ಹೆಸರು ಬೇಡ. ಒಳ್ಳೇ ಲೈಟಿಂಗು, ಏಸಿ, ಕುಡಿಯಲು ನಿಂಬೆ ಶರಬತ್ತು. ‘1890ರ ಬ್ರಿಟಿಷ್ ಕಾಲದ ಕುರ್ಚಿ, ಕೂರ್ಗ್ ಬಂಗಲೆಯಿಂದ ಬಂದದ್ದು’ ಅಂತ ಚೀಟಿ ಅಂಟಿಸಿದ್ದರು. ಒಂದಕ್ಕೆ 18,500. ಕವುಚಿ ಹಾಕಿ ನೋಡಿದೆ. ಎಲ್ಲ ಸ್ಕ್ರೂಗಳಿಗೂ ಪ್ಲಸ್ ತಲೆ. ಪ್ಲಸ್ ತಲೆಯ ಫಿಲಿಪ್ಸ್ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. ಒಂದೆರಡು ಅಂಥ ಸ್ಕ್ರೂ ಇದ್ದರೆ ಆಮೇಲಿನ ರಿಪೇರಿ ಅನ್ನಬಹುದು. ಒಂದೂ ಬಿಡದೆ ಎಲ್ಲವೂ ಹಾಗೇ ಇದ್ದರೆ ಏನನ್ನುವುದು? ಮರ ನೋಡಿದರೆ ಕಪ್ಪು ಬಣ್ಣದ ಅಡಿಯಲ್ಲಿ ಲೇಸ್ ಬಟ್ಟೆಯಂಥ ಚುಕ್ಕೆ ಗೆರೆಗಳು. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವ ಮರ ನನಗೆ ಗೊತ್ತಾಗುವುದಿಲ್ಲವಾ? ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದು ನೆರಳಿಗೆ ನಿಂತ ಮರ, ಬೀಟೆ ಬಣ್ಣ ಹಚ್ಚಿಕೊಂಡು ಶೋರೂಂನಲ್ಲಿ ಕೂತಿತ್ತು. ಹುಡುಗನಿಗೆ ಹೇಳಿದೆ. ಅವನು, “ಮೇಡಂ, ಫಿನಿಶಿಂಗ್ ಆ್ಯಂಟಿಕ್” ಅಂದ. ಶರಬತ್ತು ಕುಡಿದು ಬಂದೆ.

ಆ್ಯಂಟಿಕ್ ಅನ್ನಲು ಎಷ್ಟು ವಯಸ್ಸಾಗಬೇಕು? ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆ 100 ವರ್ಷದ ಗೆರೆ ಎಳೆದಿದೆ. ಮಾರುವವರ ಬಾಯಲ್ಲಿ 40 ವರ್ಷದ್ದೂ ಆ್ಯಂಟಿಕ್ಕೇ. ನನಗೆ ವಯಸ್ಸಿನ ಹಟ ಇರಲಿಲ್ಲ. ಮರ ನಿಜವಾಗಿರಬೇಕು, ಜೋಡಣೆ ನಿಜವಾಗಿರಬೇಕು, ಬೆಲೆ ಅದಕ್ಕೆ ತಕ್ಕ ಹಾಗಿರಬೇಕು. ಸುಮ್ನೆ ಕಥೆಗೆ ದುಡ್ಡು ಕೊಡುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಕೊನೆಗೆ ಸಿಕ್ಕಿದ್ದು ವಿರಾಜಪೇಟೆಯಿಂದ ಸ್ವಲ್ಪ ಹೊರಗೆ, ಬೋರ್ಡೇ ಇಲ್ಲದ ಒಂದು ಶೆಡ್ಡಿನಲ್ಲಿ. ಹಳೇ ಮನೆ ಕೆಡವಿದ ಸಾಮಾನು ಕೊಂಡು ಮಾರುವ ಜಾಗ. ನಡೆಸುವವರು ವಯಸ್ಸಾದ ಒಬ್ಬರು ಕಾಕ. ಹೆಸರು, ಫೋಟೋ ಎರಡೂ ಎಲ್ಲೂ ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಒಳಗೆ ಹೋದರೆ ಬಾಗಿಲು, ಕಿಟಕಿ, ಕೆತ್ತನೆಯ ಕಂಬ, ಮಂಚದ ಕಾಲು ಎಲ್ಲ ಒಂದರ ಮೇಲೊಂದು. ಬೆಳಕಿಲ್ಲ. ಮೊಬೈಲ್ ಟಾರ್ಚ್ ಬೇಕೇ ಬೇಕು. ಧೂಳಿಗೆ ಮೂಗು ಕಟ್ಟುತ್ತದೆ. ಒಂದು ಮೂಲೆಯಲ್ಲಿ ಎರಡು ಐಮರ ನಿಲ್ಲಿಸಿದ್ದರು. ರೆಸಾರ್ಟಿನವರು ಡೈನಿಂಗ್ ಟೇಬಲ್ ಮಾಡಲು ಒಯ್ಯುತ್ತಾರಂತೆ. ಯಾರ ಮನೆಯದೋ ಏನೋ, ಹಿರಿಯರು ಕೂರುತ್ತಿದ್ದ ಜಾಗದಲ್ಲಿ ಇನ್ನು ಸಾರಿನ ಪಾತ್ರೆ. ಹೊಟ್ಟೆ ಉರಿಯಿತು. ಆದರೆ ಮಾರಿದವರು ನಮ್ಮವರೇ ಅಲ್ವಾ, ಕಾಕನನ್ನು ಬೈದು ಏನು ಪ್ರಯೋಜನ?

ಈ ಅಂಗಡಿಯ ದೊಡ್ಡ ಗುಣ, ಕಾಕ ಕಥೆ ಕಟ್ಟುವುದಿಲ್ಲ. ಬೀಟೆ ಕುರ್ಚಿಗೆ ನೂರು ವರ್ಷ ಆಗಿದೆಯಾ ಕೇಳಿದೆ. “ಆಗಿರಬಹುದು. ಎಂಬತ್ತೂ ಇರಬಹುದು. ನಾನು ಆಗ ಹುಟ್ಟಿರಲಿಲ್ಲ ಅಕ್ಕ” ಅಂದರು. ಅಷ್ಟಕ್ಕೇ ನನಗೆ ಅರ್ಧ ನಂಬಿಕೆ ಬಂತು.

ಇನ್ನರ್ಧ ಬಂದದ್ದು ಕುರ್ಚಿಯನ್ನು ತಲೆಕೆಳಗು ಮಾಡಿದಾಗ. ಬೀಟೆ ಅಂತ ತೂಕದಲ್ಲೇ ಗೊತ್ತಾಯಿತು. ತೇಗಕ್ಕಿಂತ ಚೆನ್ನಾಗಿಯೇ ಭಾರ. ಅಡಿಭಾಗಕ್ಕೆ ಪಾಲಿಶ್ ಇರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಉಜ್ಜಿದರೆ ನೇರಳೆ ಮಿಶ್ರ ಕಂದು, ನಡುವೆ ಕಪ್ಪು ಗೆರೆ. ಸೀಟಿನ ಚೌಕಟ್ಟಿನ ಸುತ್ತ ಅರ್ಧರ್ಧ ಇಂಚಿಗೆ ಒಂದು ತೂತು, ಪ್ರತಿ ತೂತಿನ ಅಡಿಯಲ್ಲೂ ಬೆತ್ತದ ಗಂಟು. ಅಂದರೆ ಕೈಯಲ್ಲಿ ಹೆಣೆದದ್ದು. ಈಗಿನವು ಮಿಷನ್‌ನಲ್ಲಿ ಹೆಣೆದ ಬೆತ್ತದ ಶೀಟು. ಅದನ್ನು ಚೌಕಟ್ಟಿನಲ್ಲಿ ಕೊರೆದ ಸಣ್ಣ ಕಾಲುವೆಗೆ ಒತ್ತಿ, ಮೇಲೆ ದಾರದಂಥ ಕಡ್ಡಿ ಕೂರಿಸಿ ಅಂಟಿಸಿರುತ್ತಾರೆ. ತೂತು ಇರುವುದಿಲ್ಲ. ಕಾಲಿಗೂ ಪಟ್ಟಿಗೂ ಎಲ್ಲಿಯೂ ಕಬ್ಬಿಣದ ಮೊಳೆ ಇಲ್ಲ. ಪಟ್ಟಿಯ ತುದಿಯನ್ನು ಕಾಲಿನ ತೂತಿಗೆ ಕೂರಿಸಿ ಅಡ್ಡಕ್ಕೆ ಮರದ ಮೊಳೆ ಹೊಡೆದಿದ್ದಾರೆ. ಆ ಮರದ ಮೊಳೆಯ ತಲೆ ಪೂರ್ತಿ ದುಂಡಗಿಲ್ಲ, ಸ್ವಲ್ಪ ಹೊರಗೆ ಎದ್ದಿದೆ. ಚೌಕಟ್ಟಿನ ಒಳಮೈಯಲ್ಲಿ ಉಳಿಯಿಂದ ಗೀರಿದ ಗೆರೆಗಳು. ಒಂದು ಕುರ್ಚಿಯಲ್ಲಿ ಮೂರು, ಇನ್ನೊಂದರಲ್ಲಿ ಐದು. ಸೆಟ್ಟಾಗಿ ಮಾಡುವಾಗ ಒಂದರ ಕಾಲು ಇನ್ನೊಂದಕ್ಕೆ ಸೇರಿಹೋಗದ ಹಾಗೆ ಆಚಾರಿಗಳು ಹಾಕಿಕೊಳ್ಳುತ್ತಿದ್ದ ಗುರುತು. ಉಳಿದವು ಯಾರ ಮನೆಯಲ್ಲಿವೆಯೋ.

ಕಾಕ ನಗುತ್ತಿದ್ದರು. “ಎಂಥ ಅಕ್ಕ, ಕುರ್ಚಿ ತಗೊಳ್ಳುವವರು ಕೂತು ನೋಡ್ತಾರೆ. ನೀವು ಕವುಚಿ ಹಾಕಿಯೇ ನೋಡ್ತೀರಲ್ಲ.”

ಸವೆತವನ್ನೂ ನೋಡಬೇಕು. ಮನುಷ್ಯರು ಬಳಸಿದ ಕುರ್ಚಿ ಮೈ ತಾಗುವ ಜಾಗದಲ್ಲೇ ಸವೆಯುತ್ತದೆ. ಮುಂದಿನ ಅಡ್ಡಪಟ್ಟಿ ಕಾಲಿಟ್ಟು ಇಟ್ಟು ಗುಳಿ ಬಿದ್ದಿರುತ್ತದೆ. ಕೈಯ ತುದಿ ನುಣುಪಾಗಿರುತ್ತದೆ. ರೈಟರ್ ಕುರ್ಚಿಯ ಬಲಗೈ ಎಡಗೈಗಿಂತ ಜಾಸ್ತಿ ಸವೆದಿದೆ, ಬರೆಯುವವರ ಮೊಣಕೈ ಕೂತ ಜಾಗ. ಬೇಕಂತಲೇ ಹಳತು ಮಾಡಿದ ಕುರ್ಚಿಗೆ ಎಲ್ಲ ಕಡೆ ಒಂದೇ ಸಮ ಗೀರು, ಏಟು ಇರುತ್ತದೆ. ಯಾರೂ ಮುಟ್ಟದ ಹಿಂಗಾಲಿನ ಒಳಮೈಗೂ ಸರಪಳಿಯಲ್ಲಿ ಹೊಡೆದಿರುತ್ತಾರೆ.

ಹುಳದ ಪರೀಕ್ಷೆ ಮರೆಯಬೇಡಿ. ಕಾಫಿಯಲ್ಲಿ ಕಾಂಡಕೊರಕದ ಜೊತೆ ಏಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿ ಅಡಿಗೆ ಪೇಪರ್ ಹಾಸಿ ಕಾಲುಗಳನ್ನು ಕೈಯಲ್ಲಿ ಜೋರಾಗಿ ತಟ್ಟಿ. ನುಣ್ಣಗಿನ ಬಿಳಿ ಹುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ತೂತಿನ ಅಂಚು ಚೂಪಾಗಿ, ಒಳಗೆ ತಿಳಿ ಬಣ್ಣ ಕಂಡರೂ ಹಾಗೇ. ಅಂಚು ಮಾಸಿ ಕಪ್ಪಾಗಿದ್ದರೆ ಹಳೇ ತೂತು, ಹೆದರಬೇಡಿ. ಬೀಟೆ, ತೇಗದ ಒಳತಿರುಳಿಗೆ ಹುಳ ಹೋಗುವುದು ಕಡಿಮೆ, ಹೊರಗಿನ ಬಿಳಿ ಮರವನ್ನೇ ಹಿಡಿಯುವುದು. ನನ್ನ ಒಂದು ಬೀಟೆ ಕುರ್ಚಿಯ ಹಿಂಗಾಲಿನಲ್ಲಿ ಅಂಥ ಬಿಳಿ ಅಂಚು ಒಂದು ಬೆರಳು ಅಗಲ ಇತ್ತು, ಅದರಲ್ಲಿ ಹಳೇ ತೂತುಗಳೂ ಇದ್ದವು. ಅದನ್ನು ತೋರಿಸಿ 1,500 ಇಳಿಸಿದೆ. ಕಾಲಿನ ತುದಿಗೆ ಒಂದು ಸಣ್ಣ ಸ್ಕ್ರೂಡ್ರೈವರ್ ಒತ್ತಿ ನೋಡುವುದೂ ಒಳ್ಳೇದು. ನೆಲ ಒರೆಸಿದ ನೀರು ಕುಡಿದು ಕುಡಿದು ಮೊದಲು ಮೆತ್ತಗಾಗುವುದು ಅದೇ, ಗೆದ್ದಲು ಹತ್ತುವುದೂ ಅಲ್ಲಿಂದಲೇ.

ಇನ್ನೊಂದು ಮಾತು, ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಹಳೇ ಕುರ್ಚಿಯನ್ನು ಮಳೆಗಾಲದಲ್ಲಿ ಕೊಳ್ಳಬೇಡಿ. ತೇವಕ್ಕೆ ಮರ ಉಬ್ಬಿ ಸಡಿಲವಾದ ಜೋಡಣೆಯೂ ಬಿಗಿಯಾಗಿ ಕೂತಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ನೋಡಿ. ಮರ ಒಣಗಿ ಕುಗ್ಗಿದಾಗ ಅಲುಗುವುದೆಲ್ಲ ಅಲುಗುತ್ತದೆ. ಕಾಫಿ ಕೊಯ್ಲಿನ ದುಡ್ಡೂ ಆ ಹೊತ್ತಿಗೆ ಕೈಗೆ ಬಂದಿರುತ್ತದೆ, ಅದು ಬೇರೆ ಅಪಾಯ.

ನಾನು ಮಾರ್ಚ್‌ನಲ್ಲೇ ಹೋಗಿದ್ದು. ಕಾಕ ಮೂರಕ್ಕೂ 27,000 ಹೇಳಿದರು. ಬೆತ್ತ ಹರಿದಿದೆ, ಜೋಡಿಯ ಅಡ್ಡಪಟ್ಟಿ ಒಂದೇ ತರ ಇಲ್ಲ, ತೇಗದ ಕುರ್ಚಿಯ ಒಂದು ಕಾಲು ಅಲುಗುತ್ತದೆ ಅಂತ ಒಂದೊಂದೇ ತೋರಿಸಿದೆ. ಚಹಾ ಬಂತು. ಚಹಾ ಮುಗಿಯುವ ಹೊತ್ತಿಗೆ 21,000ಕ್ಕೆ ನಿಂತಿತು. ಬಿಲ್ ಕೇಳಿದ್ದಕ್ಕೆ ಸ್ವಲ್ಪ ಮುಖ ಸಣ್ಣ ಮಾಡಿದರು. ಆಮೇಲೆ ಕೈಯಲ್ಲೇ ಬರೆದು, ಮರದ ಜಾತಿ ಸಮೇತ ಕೊಟ್ಟರು. ಬೀಟೆ ಸಾಮಾನಿಗೆ ಅಂಥ ಚೀಟಿ ಇಟ್ಟುಕೊಳ್ಳಿ, ದಾರಿಯಲ್ಲಿ ಯಾರಾದರೂ ಕೇಳಿದರೆ ಬೇಕಾಗುತ್ತದೆ. ಅಂಗಡಿಯ ಕೊರತೆ ಅಂದರೆ ಡೆಲಿವರಿ ಇಲ್ಲ, ಯುಪಿಐ ಒಮ್ಮೆ ನಡೆಯುತ್ತದೆ ಒಮ್ಮೆ ಇಲ್ಲ, ಕೊಂಡ ಮೇಲೆ ವಾಪಸ್ ಅನ್ನುವ ಮಾತಿಲ್ಲ. ಮತ್ತೆ ಫೋನ್ ಮಾಡಿ ಕೇಳಿದರೆ “ಉಂಟು, ಬನ್ನಿ” ಅನ್ನುತ್ತಾರೆ. ಹೋದರೆ ಆ ಸಾಮಾನು ಹೋದ ವಾರವೇ ಮಾರಿಹೋಗಿರುತ್ತದೆ.

ರಿಪೇರಿ ಮಾಡಿದ್ದು ಮಡಿಕೇರಿಯ ನಮ್ಮ ಪರಿಚಯದ ಆಚಾರಿ. ಅವರಿಗೆ ಪೂರ್ತಿ ಅಂಕ. ಹಳೇ ಜೋಡಣೆಗೆ ಹಾಕಿದ್ದು ಚರ್ಮ, ಮೂಳೆ ಕಾಯಿಸಿ ಮಾಡಿದ ಅಂಟು. ಬಿಸಿನೀರು ತಾಗಿಸಿದರೆ ಅದು ಬಿಡುತ್ತದೆ. ಆಚಾರಿ ಅಲುಗುವ ಕಾಲನ್ನು ಹಾಗೇ ಬಿಡಿಸಿ, ಹಳೇ ಅಂಟನ್ನು ಪೂರಾ ಕೆರೆದು ತೆಗೆದು, ಆಮೇಲೆ ಹೊಸತು ಹಾಕಿ ಹಗ್ಗದಲ್ಲಿ ಬಿಗಿದು ಎರಡು ದಿನ ಇಟ್ಟರು. ಹಳೇ ಅಂಟಿನ ಮೇಲೆಯೇ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ. ಮೊಳೆ ಹೊಡೆದರೆ ಮರ ಸೀಳುತ್ತದೆ. ಯಾರಾದರೂ ಸುತ್ತಿಗೆ ಹಿಡಿದು ಬಂದರೆ ಕುರ್ಚಿಯನ್ನು ಒಳಗೆ ತೆಗೆದಿಟ್ಟುಬಿಡಿ.

ಬೆತ್ತ ಹೆಣೆಯುವವರನ್ನು ಹುಡುಕುವುದೇ ಕಷ್ಟವಾಯಿತು. ಮೊದಲು ಅಂಧರ ಶಾಲೆಗಳಲ್ಲಿ ಈ ಕೆಲಸ ಕಲಿಸುತ್ತಿದ್ದರು. ನಮ್ಮ ಕುರ್ಚಿ ಹೆಣೆದದ್ದು ಅಂಥ ಒಂದು ಶಾಲೆಯಲ್ಲಿ ಕಲಿತು ಬಂದ, ಮೈಸೂರಿನ ಒಬ್ಬ ಹಿರಿಯರು. ನೆನೆಸಿದ ಬೆತ್ತವನ್ನು ಬೆರಳಿನಲ್ಲೇ ನೋಡುತ್ತಾ ಆರು ಸುತ್ತು ಹೆಣೆಯುತ್ತಾರೆ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಆಮೇಲೆ ಎರಡು ಓರೆ. ಎಲ್ಲಾದರೂ ಒಂದು ಎಳೆ ತಪ್ಪಿದರೆ ಕಣ್ಣಿದ್ದ ನಮಗೆ ಕಾಣುವ ಮೊದಲೇ ಅವರ ಹೆಬ್ಬೆರಳಿಗೆ ತಿಳಿಯುತ್ತದೆ. ಒಂದು ಸೀಟಿಗೆ 1,800 ತೆಗೆದುಕೊಂಡರು. ಪ್ಲಾಸ್ಟಿಕ್ ಬೆತ್ತ ಹಾಕಿದ್ದರೆ ಅರ್ಧದಲ್ಲಿ ಆಗುತ್ತಿತ್ತು, ಮಳೆಗೂ ತಡೆಯುತ್ತಿತ್ತು. ಆದರೆ ಬೀಟೆಗೆ ಪ್ಲಾಸ್ಟಿಕ್ ಹಾಕಲು ಮನಸ್ಸು ಒಪ್ಪಲಿಲ್ಲ. ಇದು ಬರೀ ಶೋಕಿ ಅಂತ ನಮ್ಮನೆಯವರು. ಇರಬಹುದು.

ಪಾಲಿಶ್ ವಿಷಯದಲ್ಲಿ ಜಗಳವೇ ಆಯಿತು. ಎಲ್ಲರೂ ಪಿಯು, ಅಂದರೆ ಪಾಲಿಯುರಿಥೇನ್ ಪಾಲಿಶ್, ಹೊಡೆಸಿ ಅಂದರು. ಪಿಯು ಹೊಡೆದರೆ ಗಾಜಿನ ಹಾಗೆ ಹೊಳೆಯುತ್ತದೆ, ನೀರಿಗೆ ಜಗ್ಗುವುದಿಲ್ಲ. ಆದರೆ ಒಮ್ಮೆ ಎದ್ದರೆ ಪೂರಾ ಕೆರೆಯಬೇಕು. ಹಳೇ ಕುರ್ಚಿಯ ಮೇಲಿದ್ದದ್ದು ಫ್ರೆಂಚ್ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಲ್ಲಿ ಉಜ್ಜಿದ್ದು. ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಬಿಟ್ಟು ನೋಡಿ. ಅಂಟಂಟಾದರೆ ಅರಗು. ಅದರಲ್ಲಿರುವ ಸುಖ ಏನೆಂದರೆ ಹಾಳಾದಷ್ಟು ಜಾಗಕ್ಕೆ ಮಾತ್ರ ಮತ್ತೆ ಉಜ್ಜಬಹುದು. ಕಷ್ಟ ಏನೆಂದರೆ ನೀರು ನಿಂತರೆ ಬಿಳಿ ಕಲೆ. ಬೆನ್ನಿಗೆ, ಚೌಕಟ್ಟಿಗೆ ಫ್ರೆಂಚ್ ಪಾಲಿಶ್ ಮಾಡಿಸಿ, ಮೇಲೆ ಜೇನುಮೇಣ ಹಚ್ಚಿದೆ. ಮೇಣ ಭಾಗಮಂಡಲ ಕಡೆಯ ಜೇನು ಸಾಕುವವರಿಂದ ತರಿಸಿದ್ದು. ತೇಗದ ಸೀಟಿಗೆ ಬರೀ ಅಗಸೆ ಎಣ್ಣೆ. ಕಾಲಿನ ತುದಿಗಳಿಗೆ ಬಿಸಿ ಮೇಣ ಕುಡಿಸಿದೆವು.

ಈಗ ಮಳೆಗಾಲದ ಫಲಿತಾಂಶ.

ತೇಗದ ರೈಟರ್ ಕುರ್ಚಿಗೆ ಒಂದೂ ತೊಂದರೆ ಇಲ್ಲ. ಒದ್ದೆ ರೈನ್‌ಕೋಟಿನಲ್ಲಿ ಕೂತು ಎದ್ದವರಿಗೆ ಲೆಕ್ಕವಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಕೈಗಳಿರುವುದರಿಂದ ಅತ್ತೆ ಅದನ್ನು ಹಿಡಿದು ಎದ್ದುಕೊಳ್ಳುತ್ತಾರೆ. ಮೂರರಲ್ಲಿ ಕಡಿಮೆ ಬೆಲೆಯದೂ ಅದೇ, 5,000. ಬಂದವರೆಲ್ಲ ಹೋಗಿ ಕೂರುವುದೂ ಅದರಲ್ಲೇ.

ಬೀಟೆಯವು ಗಟ್ಟಿಮುಟ್ಟಾಗಿವೆ. ಜೋಡಣೆ ಅಲುಗಿಲ್ಲ. ಆದರೆ ಜುಲೈ ಮುಗಿಯುವ ಹೊತ್ತಿಗೆ ಬೆತ್ತ ಸ್ವಲ್ಪ ಜೋತುಬಿತ್ತು. ಅಡಿಯಲ್ಲಿ ಬೂಷ್ಟು. ಒಬ್ಬ ಮಹಾನುಭಾವರು ಒದ್ದೆ ಕೊಡೆಯನ್ನು ಬೆನ್ನಿಗೆ ಒರಗಿಸಿಟ್ಟು ಹೋದದ್ದರಿಂದ ಒಂದು ಬಿಳಿ ಕಲೆಯೂ ಬಂತು. ಕಲೆಯನ್ನು ಆಚಾರಿ ಸ್ಪಿರಿಟ್ ಬಟ್ಟೆಯಲ್ಲಿ ಹಗುರವಾಗಿ ಎಳೆದು ತೆಗೆದರು. ಬೂಷ್ಟನ್ನು ಒಣಬಟ್ಟೆಯಲ್ಲಿ ಒರೆಸಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟೆ. ಜೋತ ಬೆತ್ತಕ್ಕೂ ದಾರಿ ಉಂಟು. ಕುರ್ಚಿ ಕವುಚಿ ಹಾಕಿ ಅಡಿಯಿಂದ ಬಿಸಿನೀರಿನ ಬಟ್ಟೆ ಹರವಿ, ಚೆನ್ನಾಗಿ ನೆನೆದ ಮೇಲೆ ಗಾಳಿಗೆ ಒಣಗಲು ಬಿಡಿ. ಒಣಗುವಾಗ ಬೆತ್ತ ಕುಗ್ಗಿ ಬಿಗಿಯಾಗುತ್ತದೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಕಡಿಮೆಯಾದ ಮೇಲೆ ಮಾಡಿದೆ, ಈಗ ತಟ್ಟಿದರೆ ಟಕ್ ಅನ್ನುತ್ತದೆ. ಬರುವ ವರ್ಷ ಜೂನ್‌ನಲ್ಲಿ ಈ ಎರಡನ್ನೂ ಒಳಗಿನ ಹಾಲ್‌ಗೆ ಒಯ್ಯುತ್ತೇನೆ. ಬಾಗಿಲ ಬಳಿ ನಾಲ್ಕು ತಿಂಗಳು ಮರದ ಸೀಟಿನವೇ ಸಾಕು.

ಹಾಗಾಗಿ ಕೊಳ್ಳುವವರಿಗೆ ನನ್ನ ಮಾತು: ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಾದರೆ ಬಾಗಿಲ ಬಳಿಗೆ ಮರದ ಸೀಟಿನ ಹಳೇ ಆಫೀಸ್ ಕುರ್ಚಿ ಹುಡುಕಿ. ತೇಗವಾದರೆ ಒಳ್ಳೇದು, ಹಲಸಾದರೂ ಆಗುತ್ತದೆ. ಹಲಸಿನ ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗಿ ಚೆನ್ನಾಗಿಯೇ ಕಾಣುತ್ತದೆ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯವರು ಬೆತ್ತದ ಸೀಟನ್ನೂ ಧೈರ್ಯವಾಗಿ ಇಡಬಹುದು. ಸೀಟಿನ ಎತ್ತರ 17ರಿಂದ 18 ಇಂಚು ಇರಲಿ. ಜೋಡಿ ಪೂರ್ತಿ ಹೊಂದಬೇಕು ಅಂತ ಹಟ ಬೇಡ. ಹೊಂದಿದ ಜೋಡಿಗೆ ಕೇಳುವ ಬೆಲೆಯೇ ಬೇರೆ, ಎರಡು ಗೋಡೆಗೆ ಎದುರುಬದುರು ಇಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಾಕನ ಶೆಡ್ಡಿನಲ್ಲಿ ರೈಟರ್ ಕುರ್ಚಿ ಇನ್ನೊಂದು ಇದೆ, ಮಂಚದ ಕಾಲುಗಳ ಹಿಂದೆ. ಎಡಗೈ ಮುರಿದು ತಂತಿ ಕಟ್ಟಿದ್ದಾರೆ, ಸೀಟಿನ ಪಟ್ಟಿಯೂ ಒಂದು ಹೋಗಿದೆ. 4,000 ಹೇಳುತ್ತಿದ್ದಾರೆ. ಆಚಾರಿಗೆ ಫೋಟೋ ತೋರಿಸಿದ್ದಕ್ಕೆ ರಿಪೇರಿಗೇ 2,000 ಆಗುತ್ತದೆ ಅಂದರು. ಬೇಕಾದವರು ಕೇಳಿ, 2,500ಕ್ಕಿಂತ ಜಾಸ್ತಿ ಕೊಡಬೇಡಿ. ಮಾರ್ಚ್ ತನಕ ಯಾರೂ ಒಯ್ಯದಿದ್ದರೆ ನಾನೇ ಹೋಗುತ್ತೇನೆ.